ಬುಧವಾರದ ಪಾಠ

ಶ್ಯಾಡ್‌ವೆಲ್ಲಿನ ಚರ್ಚು, ಅದರ ನೆಲಮಾಳಿಗೆ, ಸಂಜೆ ಏಳು.
ಕೊಳವೆಯಲ್ಲಿ ಬಿಸಿನೀರು ಗೊಣಗುತ್ತದೆ.
ಎಂಟು ಕುರ್ಚಿ, ಐದು ಜನ.
ಉಳಿದ ಮೂವರು ಪಾಳಿಗೆ ಹೋದವರಲ್ಲ,
ಗೋಪುರದ ಬಾಗಿಲಲ್ಲಿ ಫಲಕ ಹಿಡಿದು ನಿಂತವರು.

ನುಬಿಯಾ ತಡವಾಗಿ ಬಂದಳು, ಮೂಗು ಕೆಂಪು,
ಕೋಟಿನ ತುಂಬ ನದಿಯ ಗಾಳಿ.
ಕೂರುವ ಮೊದಲೇ ಕೇಳಿದಳು:
"ಮೇಷ್ಟ್ರೇ, ಸ್ಟ್ರೈಕ್ ಅಂದರೆ ಹೊಡೆಯೋದು ತಾನೆ?
ಹನ್ನೊಂದು ದಿನವಾಯಿತು,
ನಾವು ಯಾರಿಗೂ ಹೊಡೆದಿಲ್ಲವಲ್ಲ."

ನಿಘಂಟು ತೆಗೆದೆ. ಅಪ್ಪನದು. ಬೆನ್ನು ಕಿತ್ತುಹೋಗಿದೆ,
ಹಡಗುಕಟ್ಟೆಯಲ್ಲಿ ಚಹದ ಪೆಟ್ಟಿಗೆ ಹೊತ್ತ
ಅವನ ಬೆನ್ನಿನ ಹಾಗೇ.
ಆ ಒಂದು ಶಬ್ದಕ್ಕೆ ಮೂರು ಪುಟ.
ಗಡಿಯಾರ ಹೊಡೆಯುತ್ತದೆ, ಸಿಡಿಲು ಹೊಡೆಯುತ್ತದೆ,
ಬೆಂಕಿಕಡ್ಡಿ ಗೀರಿದರೂ ಅದೇ, ನಾಣ್ಯ ಟಂಕಿಸಿದರೂ ಅದೇ,
ನೆಲ ಕೊರೆದು ಎಣ್ಣೆ ಸಿಕ್ಕರೂ ಅದೇ,
ಪಟ್ಟಿಯಿಂದ ಹೆಸರು ಹೊಡೆದುಹಾಕಿದರೂ...
ಇಲ್ಲಿ ವಿಲ್ಮರ್ ಕೆಮ್ಮಿದ.

ಪುಟದ ತಳದಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ, ಬೇರು.
ಸಾವಿರ ವರ್ಷದ ಕೆಳಗೆ
ಈ ಶಬ್ದಕ್ಕೆ ಮುಷ್ಟಿ ಇರಲಿಲ್ಲ, ಅಂಗೈ ಇತ್ತು.
ಮೆಲ್ಲಗೆ ಸವರು. ಉಜ್ಜು. ನುಣುಪು ಮಾಡು.
ಕೊಳಗ ತುಂಬಿ ಮೇಲೆ ನಿಂತ ಕಾಳನ್ನು
ಅಂಚಿಗೆ ಸರಿಯಾಗಿ ಸವರಿ ಬೀಳಿಸುವ ಕೋಲಿಗೂ
ಇದೇ ಹೆಸರು.
"ಆ ಕೋಲು ಗೊತ್ತು ನನಗೆ," ಎಂದಳು ಮಿಲೇನಾ,
"ತಿಂಗಳ ಕೊನೆಗೆ ನನ್ನ ಸಂಬಳದ ಮೇಲೆ ಆಡುತ್ತದೆ."

ನುಬಿಯಾ ತನ್ನ ಕೈ ನೋಡಿಕೊಂಡಳು.
ಹತ್ತೊಂಬತ್ತನೇ ಮಹಡಿ, ಇನ್ನೂರ ಆರು ಮೇಜು,
ಒಂಬತ್ತು ವರ್ಷ ಸವರಿದ ಕೈ,
ಬ್ಲೀಚು ಬೆರಳಚ್ಚನ್ನೇ ತಿಂದುಹಾಕಿದ ಕೈ.
"ಹಾಗಾದರೆ ಇಷ್ಟು ದಿನ ನಾನು ಮಾಡಿದ್ದೇ ಸ್ಟ್ರೈಕು.
ನಿಲ್ಲಿಸಿದ್ದು ಈಗ."
ಎಲ್ಲರೂ ನಕ್ಕರು. ನಾನು ಬೋರ್ಡಿನತ್ತ ತಿರುಗಿ
ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಆಮೇಲೆ ಹೇಳಿದೆ: ಇಲ್ಲಿಂದ ಎರಡು ಬೀದಿ ಆಚೆ, ಥೇಮ್ಸಿನಲ್ಲಿ,
ಸಾವಿರದ ಏಳುನೂರ ಅರವತ್ತೆಂಟರ ಮೇ ತಿಂಗಳು,
ಹಡಗುಗಳು ಹೊರಡಲು ಸಜ್ಜು.
ನಾವಿಕರು ಕೂಲಿ ಕೇಳಿದರು. ಮಾಲೀಕರು ಗಾಳಿ ನೋಡಿದರು.
ಒಬ್ಬ ಹುಡುಗ, ಹೆಸರು ಯಾವ ಪುಸ್ತಕದಲ್ಲೂ ಇಲ್ಲ,
ಜೋಸಾಯಾ ಅಂತ ನಾನೇ ಇಟ್ಟಿದ್ದೇನೆ,
ಹದಿನಾರು ವಯಸ್ಸು, ಮುಂದಿನ ಹಲ್ಲೊಂದಿಲ್ಲ,
ಹಗ್ಗದೇಣಿ ಹತ್ತಿ ತುದಿಹಾಯಿಯ ಗಂಟು ಬಿಚ್ಚಿದ.
ಹಾಯಿ ಇಳಿಸುವುದಕ್ಕೂ ಹಡಗಿನ ಮಾತಲ್ಲಿ ಇದೇ ಶಬ್ದ.
ಸದ್ದೆಂದರೆ ಕಂಬಳಿ ಕೊಡವಿದಷ್ಟೇ.
ಪಕ್ಕದ ಹಡಗಿನಲ್ಲೂ ಇಳಿಯಿತು. ಅದರಾಚೆಯದರಲ್ಲೂ.
ನದಿಯ ತುಂಬ ಬೋಳು ಕಂಬ;
ಅಷ್ಟು ಒಳ್ಳೆಯ ಗಾಳಿ, ಹಿಡಿಯಲು ಏನೂ ಸಿಗದೆ
ಸುಮ್ಮನೆ ದಾಟಿಹೋಯಿತು.

ಹೊಡೆತವೇ ಬೀಳಲಿಲ್ಲ ಅಂತಲ್ಲ. ಆ ಬೇಸಗೆ
ಇದೇ ಬೀದಿಗಳಲ್ಲಿ ರಕ್ತವೂ ಬಿತ್ತು.
ಅದನ್ನು ಹೇಳದೆ ಬಿಡಬಹುದಿತ್ತು. ಹೇಳಿದೆ.

ಕೊಳವೆ ಗೊಣಗಿತು.
"ನಮ್ಮ ಕಡೆ ವೆಲ್ಗಾ ಅಂತೀವಿ," ನುಬಿಯಾ ಎಂದಳು.
"ಎಸ್ಮೆರಾಲ್ಡಾಸಿನ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಹೇಳಿದ್ದರು,
ಅದರ ಬೇರಿನಲ್ಲಿ ಇರುವುದು ತಿದಿಯಂತೆ.
ಏದುಸಿರು ಬಿಡುವವಳು, ಬುಟ್ಟಿ ಕೆಳಗಿಟ್ಟು,
ಹೀಗೆ," ಎಂದು ಎದೆ ತುಂಬ ಎಳೆದುಕೊಂಡಳು,
ಬಿಡಲು ತುಸು ಹೊತ್ತು ತೆಗೆದುಕೊಂಡಳು.
ಯಾಕೋ ನಾವೂ ಅಷ್ಟು ಹೊತ್ತು ಉಸಿರು ಹಿಡಿದಿದ್ದೆವು.

ಮೇಲೆ ಗಂಟೆ ಎಂಟು ಹೊಡೆಯಿತು. ಯಾರೂ ಏಳಲಿಲ್ಲ.
ಭೂತಕಾಲದಲ್ಲಿ ಎರಡು ವಾಕ್ಯ ಬರೆಯಿರಿ ಎಂದೆ.
ನುಬಿಯಾ ಬರೆದಳು: ಗಡಿಯಾರ ಹೊಡೆಯಿತು.
ನಾವು ಒರೆಸುವ ಬಟ್ಟೆ ಇಳಿಸಿದೆವು.
ಎರಡಕ್ಕೂ ಒಂದೇ ಕ್ರಿಯಾಪದ. ಇಂದಿನ ಇಂಗ್ಲಿಷು ಒಪ್ಪದು.
ಕೊನೆಯ ಅಕ್ಷರವೊಂದನ್ನು ಮರೆತಿದ್ದಳು;
ಅದನ್ನಷ್ಟೇ ಸೇರಿಸಿ ಹಾಳೆ ವಾಪಸು ಕೊಟ್ಟೆ.

ಹೊರಗೆ ಚಳಿ. ಗೋಪುರದ ದೀಪಗಳು
ಯಾರಿಲ್ಲದಿದ್ದರೂ ತಾವೇ ಹತ್ತಿಕೊಂಡಿದ್ದವು.
ವಿಲ್ಮರ್ ಸಿಗರೇಟಿಗೆ ಕಡ್ಡಿ ಗೀರಿದ.
ಗಾಳಿಗೆ ಆರಿತು.
ನುಬಿಯಾ ಎರಡು ಕೈ ಅಡ್ಡ ಹಿಡಿದಳು,
ಅವನು ಇನ್ನೊಂದು ತೆಗೆದ.